ಏಳನೇ ನಂಬರಿನ ಹಾಸಿಗೆ

ಕುಸುಮಾವತಿಯವರ ಸೊಂಟದಲ್ಲಿ ಯಾವಾಗಲೂ ಎರಡು ಬೀಗದ ಕೈ ಇರುತ್ತವೆ. ಒಂದು ಅವರ ಮನೆಯದು. ಇನ್ನೊಂದು, ಮಾನಂದವಾಡಿಯಿಂದ ಕುಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ, ವಾಚನಾಲಯದ ಹಿಂದುಗಡೆ ಇರುವ ನಮ್ಮ ಸಾಂತ್ವನ ಘಟಕದ ಉಗ್ರಾಣದ್ದು. ಮನೆಯದು ಎಷ್ಟೋ ಸಲ ಕಳೆದು, ಬೀಗ ಒಡೆದದ್ದುಂಟು. ಉಗ್ರಾಣದ್ದು ಒಮ್ಮೆಯೂ ಕಳೆದಿಲ್ಲ.

ಉಗ್ರಾಣವೆಂದರೆ ಅಕ್ಕಿ ಬೇಳೆಯದಲ್ಲ. ನಮ್ಮದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಘಟಕ. ನರ್ಸ್ ಮನೆ ಮನೆಗೆ ಹೋಗಿ ಬರುತ್ತಾರೆ; ಗಾಲಿಕುರ್ಚಿ, ವಾಕರ್, ಏರ್ ಬೆಡ್‌ಗಳನ್ನು ಎರವಲು ಕೊಡುತ್ತೇವೆ; ಡಯಾಪರ್, ಡ್ರೆಸಿಂಗ್ ಪ್ಯಾಕೆಟ್‌ಗಳನ್ನು ತಿಂಗಳು ತಿಂಗಳು ಹಂಚುತ್ತೇವೆ. ನಾನು ಅದರ ಕಾರ್ಯದರ್ಶಿ. ಹುದ್ದೆ ದೊಡ್ಡದೆಂದು ಯಾರೂ ಭಾವಿಸಬಾರದು. ಸಭೆಗೆ ಬಾರದವರನ್ನು ಕಾರ್ಯದರ್ಶಿಯನ್ನಾಗಿ ಆರಿಸುವುದು ನಮ್ಮಲ್ಲಿ ವಾಡಿಕೆ, ಆ ದಿನ ನನಗೆ ಹಲ್ಲುನೋವಿತ್ತು. ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕನ್ನಡಕ ಹಾಕಿದ ಗಂಡಸರನ್ನೆಲ್ಲ ಇಲ್ಲಿ ಮಾಷೆ, ಅಂದರೆ ಮೇಷ್ಟ್ರೇ, ಎನ್ನುತ್ತಾರೆ. ಹಾಗಾಗಿ ಹತ್ತನೇ ತರಗತಿಯನ್ನು ಎರಡು ಸಲ ಓದಿದ ಈ ಗುರುಮಲ್ಲಪ್ಪನೂ ಮೇಷ್ಟ್ರೇ.

ಕುಸುಮಕ್ಕ ವಯನಾಡು ಬೇರೆ ಜಿಲ್ಲೆಯಾದ ವರ್ಷವೇ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಧರಣೇಂದ್ರ, ಹಳೆಯ ಜೈನ ಮನೆತನ, ಕಾಫಿ ಮತ್ತು ಕಾಳುಮೆಣಸು. ಮೂವತ್ತೆರಡು ವರ್ಷ ತೋಟದಲ್ಲಿ ಯಾವ ಮರಕ್ಕೆ ಏಣಿ ಒರಗಿಸಿದರೂ ಬೀಳದವರು, ಒಂದು ಮಾಘದಲ್ಲಿ ಮೆಣಸು ಕೊಯ್ಯುವಾಗ ಏಣಿಯ ಸಮೇತ ಬಿದ್ದರು. ಸೊಂಟದ ಕೆಳಗೆ ಮತ್ತೆ ಜೀವ ಬರಲಿಲ್ಲ. ನಮ್ಮ ಘಟಕದಿಂದ ಅವರ ಮನೆಗೆ ಒಂದು ಗಾಲಿಕುರ್ಚಿಯೂ ಏಳನೇ ನಂಬರಿನ ಏರ್ ಬೆಡ್ಡೂ ಹೋದವು.

ಏರ್ ಬೆಡ್ ಕಾಣದವರಿಗೆ ಹೇಳುತ್ತೇನೆ: ಅದು ಮೈತುಂಬ ಗುಳ್ಳೆಗಳಿರುವ ರಬ್ಬರಿನ ಹಾಸು. ಪಕ್ಕದಲ್ಲೊಂದು ಪುಟ್ಟ ಪಂಪು ಗೊರ್ ಗೊರ್ ಎನ್ನುತ್ತ ಒಂದು ಸಾಲು ಗುಳ್ಳೆಗೆ ಗಾಳಿ ತುಂಬಿ, ಇನ್ನೊಂದು ಸಾಲಿನದನ್ನು ಇಳಿಸುತ್ತಿರುತ್ತದೆ. ಮಲಗಿದವರ ಬೆನ್ನು ಒಂದೇ ಕಡೆ ಒತ್ತಿಕೊಂಡು ಹುಣ್ಣಾಗಬಾರದೆಂದು ಈ ಉಪಾಯ.

ಗಂಡ ಬಿದ್ದ ನಾಲ್ಕನೆಯ ತಿಂಗಳು ಕುಸುಮಕ್ಕ ಡಯಾಪರ್ ಕೇಳಲು ಬಂದು ನಮ್ಮ ಉಗ್ರಾಣದ ಬಾಗಿಲಲ್ಲಿ ನಿಂತರು. ಊರುಗೋಲುಗಳ ಮೇಲೆ ಡಯಾಪರ್, ಡಯಾಪರಿನ ಮೇಲೆ ಆಮ್ಲಜನಕದ ಸಿಲಿಂಡರ್.

"ಇದೇನಪ್ಪಾ ಗುರುಮಲ್ಲಪ್ಪ, ಉಗ್ರಾಣವಾ, ಹಂದಿ ನುಗ್ಗಿದ ಮರಗೆಣಸಿನ ತೋಟವಾ?"

"ಎಲ್ಲಿ ಏನಿದೆ ಅಂತ ನನಗೆ ಗೊತ್ತಿರುತ್ತೆ ಅಕ್ಕಾ."

"ಹಂದಿಗೂ ಗೊತ್ತಿರುತ್ತೆ" ಎಂದು ಸೆರಗು ಸಿಕ್ಕಿಸಿಕೊಂಡರು. ಆ ದಿನ ಮೂರು ಗಂಟೆ ಹೊತ್ತು ಜೋಡಿಸಿದರು. ಆಮೇಲೆ ಮಗ ಮನೆಯಲ್ಲಿರುವ ಮಂಗಳವಾರ, ಶುಕ್ರವಾರಗಳಲ್ಲಿ ಬರತೊಡಗಿದರು. ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದ ಜೈನರಾದ್ದರಿಂದ ಐದು ಗಂಟೆಗೆ ಎದ್ದುಬಿಡುತ್ತಿದ್ದರು. ಅವರು ಎದ್ದ ಮೇಲೆ ಮಾತು ಮುಂದುವರಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ನಮ್ಮ ಸಭೆಗಳೆಲ್ಲ ಹೊತ್ತಿಗೆ ಸರಿಯಾಗಿ ಮುಗಿಯತೊಡಗಿದ್ದು ಹಾಗೆ.

ಧರಣೇಂದ್ರ ಮೂರು ವರ್ಷ ಮಲಗಿದ್ದು ತೀರಿಕೊಂಡರು. ಸೂತಕ ಕಳೆದ ಮರುದಿನ ಕುಸುಮಕ್ಕ ಒಂದು ಜೀಪಿನಲ್ಲಿ ಗಾಲಿಕುರ್ಚಿಯನ್ನೂ ಉಳಿದಿದ್ದ ಡಯಾಪರ್ ಪ್ಯಾಕೆಟ್‌ಗಳನ್ನೂ ಎಣಿಸಿ ತಂದು ಒಪ್ಪಿಸಿದರು. ಉಗ್ರಾಣದ ಬೀಗದ ಕೈ ಕೇಳಿ ಇಸಿದುಕೊಂಡರು. ಏಳನೇ ನಂಬರಿನ ಬೆಡ್ ಮಾತ್ರ ಜೀಪಿನಲ್ಲಿರಲಿಲ್ಲ. ಅವರೂ ಅದರ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ.

ಅವರ ಸೊಸೆ ಒಮ್ಮೆ ಅಂಗಡಿಗೆ ಬಂದಾಗ ತಾನಾಗಿ ಹೇಳಿದಳು: "ಅತ್ತೆ ದಿನಾ ಸಾಯಂಕಾಲ ಆ ಪಂಪನ್ನ ಅರ್ಧ ಗಂಟೆ ಓಡಿಸ್ತಾರೆ. ಇಲ್ದಿದ್ರೆ ರಬ್ಬರು ಅಂಟಿಕೊಂಡುಬಿಡುತ್ತೆ ಅಂತಾರೆ."

ಉಗ್ರಾಣದವರ ಮಾತು, ಸರಿಯಾಗಿಯೇ ಇದೆ ಎಂದೆ.

ಮರುವರ್ಷ ನಮ್ಮ ಘಟಕಕ್ಕೆ ಸಾಫ್ಟ್‌ವೇರ್ ಬಂತು. ಕಿರಾಣಿ ಸಾಮಾನಿನ ದೊಡ್ಡ ಗೋದಾಮುಗಳಿಗಾಗಿ ಮಾಡಿದ್ದನ್ನು ಪುಣ್ಯಾತ್ಮರೊಬ್ಬರು ಉಚಿತವಾಗಿ ಕೊಡಿಸಿದ್ದರು. ಹೀಗಾಗಿ ಅದರ ದೃಷ್ಟಿಯಲ್ಲಿ ಗಾಲಿಕುರ್ಚಿ ಸರಕು, ರೋಗಿ ಗ್ರಾಹಕ. ಯಾವ ಸಾಮಾನು ಮುಗಿದರೂ ಪರದೆಯ ಮೇಲೆ ಕೆಂಪು ಬಣ್ಣ ಬಂದು, ಜಿಲ್ಲೆಯ ಉಗ್ರಾಣಕ್ಕೆ ತಾನಾಗಿ ಬೇಡಿಕೆ ಹೋಗುತ್ತದೆ. ಗ್ರಾಹಕರಿಗೆ ಪ್ರತಿ ತಿಂಗಳು ಬೇಕಾದದ್ದನ್ನು ಮೊದಲೇ ಅವರ ಹೆಸರಿನಲ್ಲಿ ಎತ್ತಿಡುತ್ತದೆ. ಇನ್ನು ಮುಂದೆ ನಮ್ಮಲ್ಲಿ ಕೊರತೆ ಎಂಬ ಮಾತೇ ಇರುವುದಿಲ್ಲ ಎಂದು ನಾನು ಸಭೆಯಲ್ಲಿ ಭಾಷಣ ಮಾಡಿದೆ. ಕಂಪ್ಯೂಟರ್ ಬಲ್ಲವನೆಂದು ನನಗೆ ಹೆಸರಿತ್ತು. ಲಗ್ನಪತ್ರಿಕೆಗಳನ್ನು ಅಚ್ಚು ಮಾಡಿಕೊಡುತ್ತಿದ್ದೆನಲ್ಲ.

ಸಾಮಾನು ವಾಪಸು ಬಂದಾಗ ಅದು ಎರಡರಲ್ಲಿ ಒಂದನ್ನು ಒತ್ತಲು ಹೇಳುತ್ತಿತ್ತು: "ಗ್ರಾಹಕರಿಗೆ ತೃಪ್ತಿಯಾಗಿದೆ", ಇಲ್ಲವೇ "ಖಾತೆ ಮುಕ್ತಾಯ". ಮೊದಲನೆಯದೆಂದರೆ ಗುಣವಾಯಿತು, ಎರಡನೆಯದೆಂದರೆ ತೀರಿಕೊಂಡರು ಎಂದು ನಾನು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿದೆ. ಕುಸುಮಕ್ಕ ಅದನ್ನು ಎರಡು ಸಲ ಓದಿದರು.

ಹಳೆಯ ರಿಜಿಸ್ಟರಿನಿಂದ ಸಾಮಾನುಗಳನ್ನು ಒಳಗೆ ತುಂಬಿಸಿದವನು ನಾನು, ಅವರು ಊಟಕ್ಕೆ ಎದ್ದುಹೋದ ಮೇಲೆ. ಏರ್ ಬೆಡ್ ಒಂದು, ಎರಡು, ಮೂರು ಎಂದು ಬರುತ್ತ ಏಳಕ್ಕೆ ನಿಂತೆ. ಉಗ್ರಾಣದಲ್ಲಿದೆಯೋ, ಗ್ರಾಹಕರ ಬಳಿ ಇದೆಯೋ, ರಿಪೇರಿಯಲ್ಲಿದೆಯೋ ಎಂದು ಯಂತ್ರ ಕೇಳಿತು. ತುಸು ಹೊತ್ತು ಚಹಾ ಕುಡಿದೆ. ಆಮೇಲೆ "ರಿಪೇರಿ" ಎಂದು ಒತ್ತಿ, ಯಾರಿಗೂ ಹೇಳದೆ ಮನೆಗೆ ಹೋದೆ.

ಎರಡು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಕಲ್ಪೆಟ್ಟದಲ್ಲಿ ನಡೆದ ಜಿಲ್ಲಾ ಸಭೆಯಲ್ಲಿ ನಮ್ಮ ಘಟಕದ ವರದಿ ನೋಡಿ ಎಲ್ಲರೂ ಬೆರಗಾದರು. ನಾನು ಎದ್ದು ನಿಂತು ನಮಸ್ಕರಿಸಿದೆ. ಬಿಳಿಗಡ್ಡದ ವೈದ್ಯರೊಬ್ಬರು ಕನ್ನಡಕ ಏರಿಸಿ, "ಮಾಷೆ, ಎರಡು ವರ್ಷದಲ್ಲಿ ನಿಮ್ಮಲ್ಲಿ ಒಬ್ಬರೂ ತೀರಿಕೊಂಡಿಲ್ಲವಲ್ಲ? ಎಲ್ಲರಿಗೂ ಗುಣವಾಗಿದೆ. ನಮ್ಮ ಆಸ್ಪತ್ರೆಗೂ ಸ್ವಲ್ಪ ಕಲಿಸಿಕೊಡಿ" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ಯಾಕೆಂದು ತಿಳಿಯದೆ. ಬಸ್ಸಿನಲ್ಲಿ ಪನಮರಂ ದಾಟುವ ಹೊತ್ತಿಗೆ ತಿಳಿಯಿತು. ಆ ಎರಡು ವರ್ಷದಲ್ಲಿ ನಾನೇ ಹೆಗಲು ಕೊಟ್ಟ ಹೆಣಗಳು ಒಂಬತ್ತು.

ಮರುದಿನ ಕರ್ಕಾಟಕದ, ಅಂದರೆ ನಮ್ಮ ಆಷಾಢದ, ಮಳೆ ಹಿಡಿದು ಸುರಿಯುತ್ತಿತ್ತು. ಮಧ್ಯಾಹ್ನ ಉಗ್ರಾಣಕ್ಕೆ ಹೋದರೆ ನಮ್ಮ ನರ್ಸ್ ನಾರಾಯಣಿ ಸಿಸ್ಟರ್ ಒದ್ದೆ ಕೊಡೆ ಹಿಡಿದುಕೊಂಡೇ ಜಗಳಕ್ಕೆ ನಿಂತಿದ್ದರು.

"ಮಾಷೆ, ನಿಮ್ಮ ಪೆಟ್ಟಿಗೆ ಡ್ರೆಸಿಂಗ್ ಇಲ್ಲ ಅಂತದೆ. ನನ್ನ ಕಣ್ಣೆದುರಿಗೇ ಕಪಾಟು ತುಂಬಾ ಉಂಟು. ನಾನು ಪೆಟ್ಟಿಗೆಯನ್ನ ನಂಬಲಾ, ಕಣ್ಣನ್ನ ನಂಬಲಾ?"

"ಪೆಟ್ಟಿಗೇನೇ ನಂಬಿ ಸಿಸ್ಟರ್. ಕಣ್ಣಿಗೆ ವಯಸ್ಸಾಗುತ್ತೆ."

"ಪೆಟ್ಟಿಗೆಗೆ ಹುಚ್ಚು ಹಿಡೀತದೆ."

ಕಂಪ್ಯೂಟರ್ ತೆರೆದು ನೋಡಿದೆ. ಪೆಟ್ಟಿಗೆಗೆ ಹುಚ್ಚು ಹಿಡಿದಿರಲಿಲ್ಲ. ಕಪಾಟಿನಲ್ಲಿದ್ದದ್ದನ್ನೆಲ್ಲ ಅದು ನಲವತ್ತು ಮಂದಿ ತೃಪ್ತ ಗ್ರಾಹಕರ ಹೆಸರಿನಲ್ಲಿ ಎತ್ತಿಟ್ಟಿತ್ತು. ತೃಪ್ತರಾದವರ ಖಾತೆ ಮುಚ್ಚುವುದಿಲ್ಲವಲ್ಲ. ವೆಳ್ಳನ್‌ಗೆ ತಿಂಗಳಿಗೆ ಎರಡು ಪ್ಯಾಕೆಟ್. ಚೀರುವಿಗೆ ಹತ್ತು ಡಯಾಪರ್. ವೆಳ್ಳನ್ ಹೋಗಿ ಒಂದೂವರೆ ವರ್ಷವಾಗಿತ್ತು. ಚೀರು ಹೋದದ್ದು ಅದಕ್ಕೂ ಮೊದಲು.

"ಕುಸುಮಕ್ಕಾ," ಎಂದೆ, ಕಾರ್ಯದರ್ಶಿಯ ಗಂಟಲಿನಿಂದ. "ಚೀರಜ್ಜಿಗೆ ಗುಣವಾಯ್ತಾ?"

ಮೂಲೆಯಲ್ಲಿ ವಾಕರಿನ ಕಾಲಿಗೆ ರಬ್ಬರ್ ಬಿರಡೆ ಸಿಕ್ಕಿಸುತ್ತಿದ್ದ ಅವರು ತಲೆಯೆತ್ತಲಿಲ್ಲ. "ಹೂಂ. ಬರೆದಿದೀನಲ್ಲ."

"ನೀವೂ ನಾನೂ ಸಾವಿಗೆ ಹೋಗಿದ್ವಲ್ಲ ಅಕ್ಕಾ!"

"ಹೋಗಿದ್ವಿ. ಅದಕ್ಕೇನೀಗ?"

ಬಿರಡೆ ಕೂತ ಮೇಲೆ ವಾಕರನ್ನು ನೆಲಕ್ಕೆ ಎರಡು ಸಲ ಕುಟ್ಟಿ ನೋಡಿ, ಆಮೇಲೆ ಹೇಳಿದರು. ಮೊದಮೊದಲು ಅವರೂ ನಿಜವನ್ನೇ ಹೇಳುತ್ತಿದ್ದರಂತೆ. ಬೈರ ಎಂಬ ರೋಗಿಯ ಮನೆಗೆ ನಾಲ್ಕನೇ ನಂಬರಿನ ಬೆಡ್ ಒಯ್ದಾಗ ಅವನ ತಂಗಿ ಹೊಸಿಲಲ್ಲೇ ಅಡ್ಡ ನಿಂತು, ಇದರಲ್ಲಿ ಮೊದಲು ಮಲಗಿದ್ದವರು ಏನಾದರು ಎಂದು ಕೇಳಿದಳು. ತೀರಿಕೊಂಡರು ಎಂದರು ಕುಸುಮಕ್ಕ. ಸತ್ತವರ ಹಾಸಿಗೆ ಹೊಸಿಲು ದಾಟುವುದುಂಟೆ? ಬೆಡ್ ಜಗಲಿಯಲ್ಲೇ ಉಳಿಯಿತು. ಒಳಗೆ ಬೈರ ಚಾಪೆಯ ಮೇಲೆ ಹನ್ನೊಂದು ದಿನ ನರಳಿದ.

"ಜಗಲಿಯಲ್ಲಿ ನಾಯಿ ಮಲಗಿತ್ತು ಗುರುಮಲ್ಲಪ್ಪ, ಆ ಬೆಡ್ ಮೇಲೆ. ನಾನು ಕಣ್ಣಾರೆ ಕಂಡೆ. ಅವತ್ತೇ ತೀರ್ಮಾನ ಮಾಡ್ದೆ. ಯಾರು ಕೇಳಿದ್ರೂ ಗುಣವಾಯ್ತು, ಎದ್ದು ಓಡಾಡ್ತಾ ಇದಾರೆ ಅಂತೀನಿ. ನಂಬದೆ ಇದ್ರೆ ನಿನ್ನ ಪರದೇನ ಅವರ ಕಡೆ ತಿರುಗಿಸಿ ತೋರಿಸ್ತೀನಿ."

"ಬಾಯಲ್ಲಿ ಹೇಳಿದ್ದು ಸರಿ. ಲೆಕ್ಕದಲ್ಲಿ ನಿಜ ಬರೀಬಹುದಿತ್ತಲ್ಲ?"

ಕುಸುಮಕ್ಕ ನನ್ನನ್ನು ಅಸಹ್ಯ ಕಂಡವರಂತೆ ನೋಡಿದರು. "ಬಾಯಲ್ಲೊಂದು ಪುಸ್ತಕದಲ್ಲೊಂದು ಇಡೋಕೆ ನಾನೇನು ಕಳ್ಳಿಯಾ?"

 ಉತ್ತರ ತೋಚದಿದ್ದಾಗ ನಾನು ಉಪದೇಶ ಮಾಡುತ್ತೇನೆ. ಮನೆಯಲ್ಲೂ ಇದೇ ದೂರು. "ಅಕ್ಕಾ, ಒಂದು ಸುಳ್ಳು ಹೊಕ್ಕರೆ ಸಾಕು, ಇಡೀ ಉಗ್ರಾಣ ಸುಳ್ಳಾಗುತ್ತೆ. ನಮ್ಮ ಒಂದು ಬೆರಳು ತಪ್ಪು ಒತ್ತಿದರೆ ಎಲ್ಲೋ ಒಬ್ಬರ ಬೆನ್ನು ನೋಯುತ್ತೆ" ಎಂದು ಕೈಯೆತ್ತಿ ಹೇಳುತ್ತಿರುವಾಗಲೇ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ತೋಲ್ಪೆಟ್ಟಿಯ ಭಾಗ್ಯಮ್ಮ. ಎರಡು ಬಸ್ಸು ಬದಲಿಸಿ, ಮೊಣಕಾಲಿನವರೆಗೂ ಕೆಸರು ಮಾಡಿಕೊಂಡು ಬಂದಿದ್ದಳು. ಅವಳ ಅತ್ತೆ ಮಾದಮ್ಮ ಅಂಗಳದಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮೂರು ವಾರವಾಗಿತ್ತು.

"ಅಕ್ಕಾ, ಅತ್ತೆಗೆ ಬೆನ್ನು ಒಡೀತಾ ಅದೆ. ಈ ಸಿಸ್ಟರೇ ನೋಡವ್ರೆ. ಗಾಳಿ ಹಾಸ್ಗೆ ಒಂದು ಬೇಕೇ ಬೇಕು ಅಂದವ್ರೆ."

ನಾರಾಯಣಿ ಸಿಸ್ಟರ್ ತಲೆಯಾಡಿಸಿದರು. ಅಕ್ಕ ಅವರ ಬಾಯಲ್ಲಿ ಚೇಚಿ. "ಹೌದು ಕುಸುಮೇಚಿ. ಚರ್ಮ ಕೆಂಪಾಗಿ ಬಿರಿದದೆ. ಇನ್ನು ನಾಲ್ಕು ದಿನ ಹೀಗೇ ಮಲಗಿದ್ರೆ ಒಳಗೆ ಹೋಗ್ತದೆ. ಆಮೇಲೆ ನನ್ನ ಕೈಯಲ್ಲಿ ಆಗಲ್ಲ."

ಆರು ಬೆಡ್‌ಗಳೂ ಆರು ಮನೆಗಳಲ್ಲಿದ್ದವು, ನಿಜವಾಗಿಯೂ ಬದುಕಿರುವವರ ಅಡಿಯಲ್ಲಿ. ಅದು ಕುಸುಮಕ್ಕನಿಗೆ ಬಾಯಿಪಾಠ. ಆದರೂ ಅವರು ನನ್ನ ಕಡೆ ತಿರುಗಿ, "ಮುಗಿದ್ರೆ ತಾನೇ ಕೇಳಿಕೊಳ್ಳುತ್ತೆ ಅಂದಿದ್ಯಲ್ಲ, ಜಿಲ್ಲೆಯಿಂದ ಹೊಸ ಬೆಡ್ ಯಾಕೆ ಬಂದಿಲ್ಲ? ನೋಡು" ಎಂದರು.

ನನಗೆ ನೋಡುವ ಮನಸ್ಸಿರಲಿಲ್ಲ. "ನೆಟ್ಟು ಇಲ್ಲ ಅನಿಸುತ್ತೆ" ಎಂದೆ.

"ಉಂಟಲ್ಲ" ಎಂದರು ಸಿಸ್ಟರ್, ತಾವೇ ಒತ್ತಿ. "ಏರ್ ಬೆಡ್. ಆರು ಹೊರಗೆ. ಒಂದು ರಿಪೇರಿಯಲ್ಲಿ... ಅದು ಬರ್ತದೆ ಅಂತ ಪೆಟ್ಟಿಗೆ ಕಾಯ್ತಾ ಉಂಟು. ಅದಕ್ಕೇ ಹೊಸದು ಕೇಳಿಲ್ಲ. ಎರಡು ವರ್ಷದಿಂದ ರಿಪೇರಿ? ಯಾವ ಬೆಡ್ ಇದು..." ಅಲ್ಲಿಗೆ ಅವರ ಮಾತು ನಿಂತುಹೋಯಿತು. ನಂಬರು ಅವರ ಕಣ್ಣಿಗೂ ಬಿದ್ದಿತ್ತು.

ಕುಸುಮಕ್ಕ ಬಗ್ಗಿ ಪರದೆಯನ್ನು ಓದಿದರು. ಓದಿ ಮುಗಿದ ಮೇಲೂ ಹಾಗೇ ಬಗ್ಗಿ ನಿಂತಿದ್ದರು.  ಜಗತ್ತಿನಲ್ಲಿ ಎಲ್ಲಿಯಾದರೂ ನನಗೊಂದು ಹಲ್ಲುನೋವು ಉಳಿದಿದ್ದರೆ ಈಗ ಬರಲಿ ಎಂದು ಬೇಡಿಕೊಂಡೆ.

"ನೀನಾ ಬರೆದಿದ್ದು?"

"ಹೂಂ ಅಕ್ಕಾ."

"ಒಂದು ಸುಳ್ಳು ಹೊಕ್ಕರೆ ಏನೋ ಆಗುತ್ತೆ ಅಂತಿದ್ಯಲ್ಲ ಈಗ, ಏನದು?"

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

"ಅಂದ್ರೆ ಎಲ್ಲಾರಿಗೂ ಗೊತ್ತಿತ್ತು. ಎರಡು ವರ್ಷ." ಅವರು ಸಿಸ್ಟರನ್ನು ನೋಡಿದರು. ಸಿಸ್ಟರ್ ಕೊಡೆಯ ನೀರು ಕೊಡವುವುದರಲ್ಲಿ ಮಗ್ನರಾದರು. "ಒಬ್ಬರಾದ್ರೂ ಕೇಳಬಾರದಿತ್ತಾ?"

ಯಾರು ಕೇಳಬೇಕಿತ್ತು, ಹೇಗೆ ಕೇಳಬೇಕಿತ್ತು ಎಂದು ನನಗೆ ಈಗಲೂ ತಿಳಿದಿಲ್ಲ. ಭಾಗ್ಯಮ್ಮ ಮಾತ್ರ ಏನೊಂದೂ ಅರಿಯದೆ ನಮ್ಮ ಮುಖ ಮುಖ ನೋಡಿ, "ಇಲ್ವಾ ಅಕ್ಕಾ ಹಾಸ್ಗೆ?" ಎಂದಳು.

ಕುಸುಮಕ್ಕ ಸೊಂಟದ ಬೀಗದ ಕೈಗಳನ್ನು ಒಮ್ಮೆ ಮುಟ್ಟಿಕೊಂಡರು. "ಇದೆ. ರಿಪೇರಿ ಆಗಿದೆ. ನಾಳೆ ಬೆಳಿಗ್ಗೆ ತರ್ತೀವಿ, ಹೋಗು."

ಅವಳು ಹೋದ ಮೇಲೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಐದು ಗಂಟೆಗೆ ಇನ್ನೂ ಹೊತ್ತಿತ್ತು. ಒಂದೊಂದೇ ಹೆಸರನ್ನು ಓದಿ, ತುಸು ನಿಂತು, "ಖಾತೆ ಮುಕ್ತಾಯ" ಒತ್ತಿದರು. ನಾನು ಬೇಗ ಬೇಗ ಒತ್ತಿಕೊಡುತ್ತೇನೆಂದರೆ ಕೈ ತಳ್ಳಿದರು. "ವೆಳ್ಳನ್. ಕಾಪಿಗೆ ಬೆಲ್ಲ ಸಾಲದು ಅಂತಿದ್ದ. ಚೀರು. ನನ್ನ ಬಳೆ ಸದ್ದಿಗೇ ಕಣ್ಣು ಬಿಡೋಳು. ಕುಳ್ಳನ್. ಪಾಪ, ಕೊನೇವರೆಗೂ ವಾಕರ್‌ಗೆ ದನಕ್ಕೆ ಕಟ್ಟೋ ಗಂಟೆ ಕಟ್ಟಿದ್ದ." ಒತ್ತಿದ ಹಾಗೆಲ್ಲ ಅವರ ಹೆಸರಿನಲ್ಲಿದ್ದ ಪ್ಯಾಕೆಟ್‌ಗಳು ಬಿಡುಗಡೆಯಾಗಿ ಪರದೆಯ ಮೇಲಿನ ಸಂಖ್ಯೆ ಏರುತ್ತ ಹೋಯಿತು. ನಲವತ್ತು ಮುಗಿದಾಗ ಉಗ್ರಾಣ ತುಂಬಿತ್ತು. ನಾರಾಯಣಿ ಸಿಸ್ಟರ್ ತಮ್ಮ ಚೀಲ ತುಂಬಿಸಿಕೊಂಡು, ಮೂಗು ಒರೆಸಿಕೊಂಡು ಹೊರಟರು.

ಎದ್ದು ನಿಲ್ಲುವಾಗ ಕುಸುಮಕ್ಕ ಹೇಳಿದರು: "ನಿನ್ನದನ್ನ ನೀನೇ ತಿದ್ದು. ನಾಳೆ, ಬೆಡ್ ಕೊಟ್ಟ ಮೇಲೆ."

ಬೆಳಿಗ್ಗೆ ಜೀಪು ತೆಗೆದುಕೊಂಡು ಅವರ ಮನೆಗೆ ಹೋದಾಗ ಬೆಡ್ ಜಗಲಿಯಲ್ಲಿ ಸುತ್ತಿ ಸಿದ್ಧವಾಗಿತ್ತು. ಸೋಪು ಹಾಕಿ ತೊಳೆದು, ಒರೆಸಿ, ಈ ಮಳೆಯಲ್ಲಿ ಬಿಸಿಲೆಲ್ಲಿಂದ ಬರಬೇಕು, ಒಲೆಗೆ ದೂರದಲ್ಲಿ ಹಗ್ಗ ಕಟ್ಟಿ ಒಣಗಿಸಿದ್ದರಂತೆ. ಹೊಗೆಯ ಸಣ್ಣ ವಾಸನೆ ಇತ್ತು. ಪಂಪನ್ನು ಸೀರೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಎರಡೇ ಮಾತು ಆಡಿದರು. ಎಡಗಡೆಯ ಕೊಳವೆ ಆಗಾಗ ಕಳಚುತ್ತದೆ, ದಾರ ಕಟ್ಟಬೇಕು; ಇದನ್ನು ನಿನ್ನ ಪೆಟ್ಟಿಗೆಯಲ್ಲಿ ಬರೆಯಲು ಜಾಗವಿದೆಯೇ? ಇದೆ ಎಂದೆ.

ಮಾದಮ್ಮ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎಪ್ಪತ್ತು ದಾಟಿದ ಸಣ್ಣ ಜೀವ, ದೊಡ್ಡ ಗಂಟಲು. ಬೆಡ್ಡನ್ನು ನಾನು ಹೊಸಿಲ ಬಳಿ ಇಳಿಸುತ್ತಿದ್ದಂತೆ ಒಳಗಿನಿಂದ ಕೇಳಿದರು:

"ತಡೀರಿ ಸ್ವಾಮಿ. ಯಾರು ಮನಗಿದ್ದ ಹಾಸ್ಗೆ ಅದು?"

ನನ್ನ ಕಾಲು ಅಲ್ಲೇ ನಿಂತಿತು. ಭಾಗ್ಯಮ್ಮ ಕುಸುಮಕ್ಕನ ಮುಖ ನೋಡಿದಳು. ಎರಡು ವರ್ಷದಿಂದ ನಲವತ್ತು ಸಲ ಹೇಳಿದ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಕೆಲಸವಾಗುತ್ತಿತ್ತು. ಹೇಳಲಿ ಎಂದು, ನಿನ್ನೆಯ ಉಪದೇಶವನ್ನೆಲ್ಲ ನುಂಗಿಕೊಂಡು, ನಾನೇ ದೇವರಲ್ಲಿ ಬೇಡಿಕೊಂಡೆ.

"ನಮ್ಮ ಯಜಮಾನರು ಮಲಗಿದ್ದು" ಎಂದರು ಕುಸುಮಕ್ಕ.

"ಈಗ ಎದ್ದವ್ರಾ?"

ಪಂಪನ್ನು ಎದೆಗೊತ್ತಿಕೊಂಡು ಅವರು ಹೊಸಿಲು ದಾಟಿ ಒಳಗೆ ಹೋದರು. ಮಂಚದ ಪಕ್ಕ ನೆಲದ ಮೇಲೆ ಕೂತರು. "ಇಲ್ಲ. ಹೋದ್ರು. ಮೂರು ವರ್ಷ ಇದರ ಮೇಲೆ ಮಲಗಿದ್ರು ಮಾದಮ್ಮ. ಮೂರು ವರ್ಷದಲ್ಲಿ ಬೆನ್ನಿಗೆ ಒಂದೇ ಒಂದು ಹುಣ್ಣಾಗಲಿಲ್ಲ. ಹೋದಾಗ ಕೂಡ ಮೈ ಮಗೂದಿದ್ದ ಹಾಗಿತ್ತು. ಸ್ನಾನ ಮಾಡಿಸಿದವಳು ನಾನು."

 ನಾನು ಜಗಲಿಯನ್ನು ನೋಡಿದೆ. ನಾಯಿಯೊಂದು ಅಲ್ಲಿಯೂ ಇತ್ತು.

"ಒಂದೂ ಆಗ್ಲಿಲ್ವಾ?"

"ಒಂದೂ."

"ಇಲ್ಲಿ ಮೂರು ವಾರಕ್ಕೇ ನಾನು ಬೆಂದೋಗಿವ್ನಿ ಕಣವ್ವಾ" ಎಂದರು ಮಾದಮ್ಮ. ಆಮೇಲೆ, ಯಾರನ್ನೋ ಗದರುವಂತೆ, "ಏನೇ ಭಾಗ್ಯ, ಕಂಬದಂಗೆ ನಿಂತಿದ್ದೀಯಲ್ಲ? ಮಳೆ ಎರಚಲು ಬೀಳ್ತದೆ. ಆಯಪ್ಪನ ಕೈಲಿರೋದನ್ನ ಒಳಗೆ ತಗೋ."

ನಾನು ಹೊಸಿಲು ದಾಟಿದೆ. ಹಾಸುವುದು, ಕೊಳವೆ ಸಿಕ್ಕಿಸುವುದು, ದಾರ ಬಿಗಿಯುವುದು ಎಲ್ಲವನ್ನೂ ಕುಸುಮಕ್ಕ ಭಾಗ್ಯಮ್ಮನಿಗೆ ಎರಡೆರಡು ಸಲ ತೋರಿಸಿದರು. ಮೂವರೂ ಸೇರಿ ಮಾದಮ್ಮನನ್ನು ನಿಧಾನವಾಗಿ ಹೊರಳಿಸಿ ಅದರ ಮೇಲೆ ಮಲಗಿಸಿದೆವು. ಸ್ವಿಚ್ ಒತ್ತಿದಾಗ ಪಂಪು ಒಮ್ಮೆ ಕೆಮ್ಮಿ, ಗೊರ್ ಗೊರ್ ಎಂದು ಶುರುಮಾಡಿತು. ಕುಸುಮಕ್ಕ ಕೈಯನ್ನು ಪಂಪಿನ ಮೇಲೆಯೇ ಇಟ್ಟುಕೊಂಡು ಕೇಳುತ್ತ ಕೂತರು. ನಾನು ಮೂಲೆಗೆ ಹೋಗಿ ಫೋನು ತೆಗೆದು ಏಳನೇ ನಂಬರಿನ "ರಿಪೇರಿ"ಯನ್ನು ಅಳಿಸಿದೆ. ಮಾದಮ್ಮನ ಹೆಸರು ಬರೆದೆ. ಉಗ್ರಾಣದಲ್ಲಿ ಏರ್ ಬೆಡ್ ಸೊನ್ನೆ ಎಂದು ಪರದೆ ಎರಡು ವರ್ಷದಲ್ಲಿ ಮೊದಲ ಸಲ ಕೆಂಪಾಯಿತು. ಜಿಲ್ಲೆಗೆ ಬೇಡಿಕೆ ಹೋಯಿತು.

ಅಷ್ಟರಲ್ಲಿ ಮಾದಮ್ಮನ ಬೆನ್ನಿನ ಅಡಿ ಮೊದಲ ಸಾಲಿನ ಗುಳ್ಳೆಗಳು ಇಳಿದು ಎರಡನೆಯ ಸಾಲು ಎದ್ದಿತ್ತು. ಮುದುಕಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ತುಸು ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ಕೇಳಿದರು:

"ಅಲ್ಲ ಕಣವ್ವಾ, ಇದು ರಾತ್ರಿ ಎಲ್ಲಾ ಹಿಂಗೇ ಗೊರಕೆ ಹೊಡೀತದಾ?"

ಕುಸುಮಕ್ಕ ಪಂಪಿನ ಮೇಲಿನ ಕೈ ತೆಗೆದರು. ಎಷ್ಟೋ ಕಾಲದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡೆ.

"ಇದೇನು ಗೊರಕೆ! ಅವರದ್ದು ಕೇಳಬೇಕಿತ್ತು ನೀವು."